ಮುನಿರಾಮಪ್ಪನವರ ಸುಡದ ಕಾಲು

ಮಾವಳ್ಳಿಯ ಹೊಂಗೆಮರದಮ್ಮನ ಗುಡಿಯ ಅಂಗಳದಲ್ಲಿ ಬೇಸಿಗೆಯ ನಡುಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಬಲ್ಲ ಗಂಡಸು ಆ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ಎಲ್ಲರೂ ಒಪ್ಪಿಕೊಂಡಿದ್ದ ಮಾತು. ಗುಡಿಗೆ ಹೆಸರು ಕೊಟ್ಟ ಹೊಂಗೆಮರವನ್ನು ಜೀರ್ಣೋದ್ಧಾರದ ನೆಪದಲ್ಲಿ ಕಡಿದು, ಆ ಜಾಗಕ್ಕೆ ಫಳಫಳ ಹೊಳೆಯುವ ಗ್ರಾನೈಟ್ ಹಾಸಿದ ಮೇಲೆ ಭಕ್ತರು ಚಪ್ಪಲಿ ಬಿಡುವ ಜಾಗದಿಂದ ಗರ್ಭಗುಡಿಯವರೆಗೆ ನಡೆಯುವುದನ್ನು ಮರೆತು ಹಾರುವುದನ್ನು ಕಲಿತಿದ್ದರು. ಮಂಗಳಾರತಿ ಸ್ವಲ್ಪ ತಡವಾದರೆ ಸಾಕು, ಇಡೀ ಭಕ್ತವೃಂದ ಒಂದು ಕಾಲೆತ್ತಿ ಇನ್ನೊಂದು ಕಾಲಿಡುತ್ತ ಕುಣಿಯತೊಡಗುತ್ತಿತ್ತು. ಹೊಸಬರು ಅದನ್ನು ಆವೇಶವೆಂದು ತಿಳಿದು ಕೈಮುಗಿಯುತ್ತಿದ್ದರು.

ಅಂಥದೊಂದು ಶುಕ್ರವಾರ ಮುನಿರಾಮಪ್ಪನವರು ಅಂಗಳದ ನಟ್ಟನಡುವೆ, ಬಿಸಿಲಿನಲ್ಲಿ, ಕೈಕಟ್ಟಿ ಆರಾಮಾಗಿ ನಿಂತಿದ್ದರು. ಖಜಾನೆ ಇಲಾಖೆಗೆ ಗುಮಾಸ್ತರಾಗಿ ಸೇರಿ, ಸೂಪರಿಂಟೆಂಡೆಂಟ್ ಆಗುವ ಹೊತ್ತಿಗೆ ಸರಿಯಾಗಿ ನಿವೃತ್ತರಾದ, ಗುಂಡು ಹೊಟ್ಟೆಯ ಸಾಧು ಮನುಷ್ಯ. ಇಡೀ ಸರ್ವಿಸಿನಲ್ಲಿ ಅವರು ಬಂದರೆಂದು ಯಾರೂ ಕುರ್ಚಿಯಿಂದ ಎದ್ದವರಲ್ಲ. ಮನೆಯಲ್ಲಿ ಹೆಂಡತಿ ನಾರಾಯಣಮ್ಮ ಅವರ ಕಾಲಿನ ಕಡೆ ನೋಡುತ್ತಿದ್ದದ್ದು ಕಸ ಗುಡಿಸುವಾಗ, ಅದನ್ನು ಎತ್ತಿಸುವುದಕ್ಕೆ ಮಾತ್ರ. ಆ ಘಳಿಗೆಯಲ್ಲೂ ಅವರ ತಲೆಯಲ್ಲಿ ಇದ್ದದ್ದು ದೇವಿಯಲ್ಲ. ಬೆಳಗಿನ ಬಸ್ಸಾರು ಮಧ್ಯಾಹ್ನಕ್ಕೆ ಉಳಿದಿರಬಹುದೇ ಎಂಬ ಯೋಚನೆ.

ಅದನ್ನು ಮೊದಲು ಗಮನಿಸಿದವರು ಪೂಜಾರಿ ದೊಡ್ಡಬೈರಪ್ಪ. ಇವರು ಸಾಮಾನ್ಯರಲ್ಲ. ಪ್ರತಿ ಬೇಸಿಗೆಯಲ್ಲೂ ಅಮ್ಮನ ಹಬ್ಬದ ದಿನ ಗುಡಿಯ ಮುಂದೆ ಕೆಂಡ ಹಾಸಿದ ಉದ್ದನೆಯ ಗುಂಡಿಯನ್ನು ಬರಿಗಾಲಲ್ಲಿ ದಾಟಿ, ಊರಿನ ಪರವಾಗಿ ಹರಕೆ ತೀರಿಸುವವರು. ಕೊಂಡ ಹಾಯುವುದೆಂದರೆ ಆ ಬೀದಿಯಲ್ಲಿ ದೊಡ್ಡಬೈರಪ್ಪ, ದೊಡ್ಡಬೈರಪ್ಪ ಎಂದರೆ ಕೊಂಡ. ಅಂಥವರು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಅಂಗಳಕ್ಕೆ ಇಳಿದು ಕೇಳಿದರು:

"ಕಾಲು ಸುಡ್ತಿಲ್ವಾ, ಮುನಿರಾಮಪ್ಪನೋರೇ?"

ಇಲ್ಲವಲ್ಲ, ಯಾಕೆ ಎಂದು ಹೇಳಿ ಸುಮ್ಮನಿದ್ದಿದ್ದರೆ ಮುಂದಿನ ಯಾವ ಅನಾಹುತವೂ ಆಗುತ್ತಿರಲಿಲ್ಲ. ಆದರೆ ಮುನಿರಾಮಪ್ಪನವರು ಸುತ್ತ ಕಣ್ಣಾಡಿಸಿದರು. ಎಲ್ಲರೂ ಕುಣಿಯುತ್ತಿದ್ದರು. ಕುಣಿಯುತ್ತಲೇ ಎಲ್ಲರೂ ಅವರನ್ನೇ ನೋಡುತ್ತಿದ್ದರು. ಜನ್ಮದಲ್ಲಿ ಮೊದಲ ಸಲ ಇಷ್ಟು ಜನ ತಮ್ಮ ಉತ್ತರಕ್ಕಾಗಿ ಕಾಯುತ್ತಿರುವುದು ಕಂಡು ಅವರ ಒಳಗಿಂದ ಏನೋ ಉಬ್ಬಿ ಬಂತು. ಬಂದದ್ದು ಮಾತಾಗಿ ಹೊರಬಿತ್ತು.

"ತಾಯಿ ಮಡಿಲು ಮಗನಿಗೆ ಸುಡುತ್ತೇನಪ್ಪಾ?"

ಈ ಮಾತು ತಮ್ಮ ಒಳಗೆ ಎಲ್ಲಿತ್ತು ಎಂದು ಅವರಿಗೇ ಆಶ್ಚರ್ಯವಾಯಿತು. ಕಂಬದ ಪಕ್ಕ ನಿಂತಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ದೊಡ್ಡಬೈರಪ್ಪ ಯಾಕೋ ಒಂದು ಕ್ಷಣ ಅವರ ಪಾದವನ್ನೇ ನೋಡಿ, ಮಂಗಳಾರತಿಯನ್ನು ಮೊದಲು ಅವರಿಗೇ ಕೊಟ್ಟರು.

ಪಕ್ಕದ ಮನೆಯ ಮುನಿಯಮ್ಮ ಅಲ್ಲೇ ಇದ್ದದ್ದರಿಂದ ಸುದ್ದಿ ಹರಡುವ ವಿಷಯದಲ್ಲಿ ಯಾವ ಅಡಚಣೆಯೂ ಆಗಲಿಲ್ಲ. ತರಕಾರಿ ಗಾಡಿಯ ಹತ್ತಿರ ಆಕೆ ಹೇಳುವಾಗ ಮುನಿರಾಮಪ್ಪನವರು ಅರ್ಧ ಗಂಟೆ ಕದಲದೆ ನಿಂತಿದ್ದರು. ಹಾಲಿನ ಬೂತಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ಮರುದಿನ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡುವವರ ಬಾಯಿಗೆ ಬೀಳುವ ಹೊತ್ತಿಗೆ ಅವರ ಪಾದ ನೆಲಕ್ಕೆ ತಾಗುತ್ತಲೇ ಇರಲಿಲ್ಲ, ನಡುವೆ ಒಂದು ಅಗರಬತ್ತಿ ತೂರಿಸುವಷ್ಟು ಜಾಗವಿತ್ತು.

ಅದೇ ವಾರ ಇನ್ನೊಂದು ಘಟನೆ ನಡೆಯಿತು. ಗಾಂಧಿಬಜಾರಿನಿಂದ ಬಾಳೆಎಲೆ ತರುತ್ತಿದ್ದ ಮುನಿರಾಮಪ್ಪನವರ ಎಡಗಾಲಿನ ಚಪ್ಪಲಿ ದಾರಿಯಲ್ಲಿ ಕಳಚಿಬಿತ್ತು. ಅವರಿಗೆ ಗೊತ್ತೇ ಆಗಲಿಲ್ಲ. ಒಂದೇ ಚಪ್ಪಲಿಯಲ್ಲಿ ಮನೆ ತಲುಪಿ, ಒಂದನ್ನೇ ಬಾಗಿಲಲ್ಲಿ ಬಿಟ್ಟು ಒಳಗೆ ಹೋದರು. ಹಿಂದಿನಿಂದ ಬಂದ ಮುನಿಯಮ್ಮ ಇನ್ನೊಂದನ್ನು ತಟ್ಟೆಯಲ್ಲಿಟ್ಟು, ಮೇಲೆ ಎರಡು ಕಣಗಲೆ ಹೂ ಹಾಕಿ ತಂದರು. ದೇಹದ ಮೇಲೆ ಗಮನವೇ ಇಲ್ಲದ ಸ್ಥಿತಿಗೆ ಹೋಗಿಬಿಟ್ಟಿದ್ದಾರೆ ಎಂದು ಬೀದಿಯವರು ಪಿಸುಗುಟ್ಟಿದರು. ನಾರಾಯಣಮ್ಮ ತಟ್ಟೆ ನೋಡಿ, ಆ ಮನುಷ್ಯನಿಗೆ ಮೊದಲಿಂದಲೂ ಮೈಮೇಲೆ ಗಮನವಿಲ್ಲ, ಮೊನ್ನೆ ಅಂಗಿ ತಿರುವು ಮುರುವು ಹಾಕಿಕೊಂಡು ಬ್ಯಾಂಕಿಗೆ ಹೋಗಿದ್ದರು ಎಂದರು. ಅದೂ ವೈರಾಗ್ಯದ ಲೆಕ್ಕಕ್ಕೇ ಸೇರಿತು.

ನಿಜವಾದ ವಿಷಯ ಶಂಕರಪುರದ ಡಾಕ್ಟರ್ ಕೋಕಿಲಾ ಅವರಿಗೆ ಗೊತ್ತಿತ್ತು. ಮುನಿರಾಮಪ್ಪನವರಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿದ್ದವು. ಯಾರು ಕೇಳಿದರೂ ಅವರು ಹೇಳುತ್ತಿದ್ದದ್ದು ಒಂದೇ: ಬಾರ್ಡರಿನಲ್ಲಿದೆ. ಗಡಿ ಕಾಯುವ ಯೋಧ ಕೂಡ ಅಷ್ಟು ವರ್ಷ ಬಾರ್ಡರಿನಲ್ಲಿ ನಿಂತಿರಲಾರ. ಕಾಯಿಲೆ ಹೀಗೇ ಬಿಟ್ಟರೆ ಕಾಲಿನ ನರಗಳು ಸೋತು ಬಿಸಿ, ಚುಚ್ಚು, ಗಾಯ ಯಾವುದೂ ತಿಳಿಯದಂತಾಗುತ್ತದೆ, ದಿನಾ ಅಂಗಾಲು ನೋಡಿಕೊಳ್ಳಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಬೆರಳಸಂದಿ ಒರೆಸಿ, ಬರಿಗಾಲಲ್ಲಿ ಓಡಾಡಬೇಡಿ ಎಂದು ಡಾಕ್ಟರು ಎಷ್ಟೋ ಸಲ ಹೇಳಿದ್ದರು. ಅವರು ಅದನ್ನೆಲ್ಲ ಇಲಾಖೆಯ ಸುತ್ತೋಲೆ ಕೇಳಿದ ಹಾಗೆ ತಲೆಯಾಡಿಸಿ ಕೇಳಿದ್ದರು. ಅಂಗಾಲು ನೋಡಿಕೊಳ್ಳುವುದಿರಲಿ, ಹೊಟ್ಟೆ ಅಡ್ಡ ಬಂದು ಹೆಬ್ಬೆರಳಿನ ದರ್ಶನವಾಗಿಯೇ ಬಹಳ ಕಾಲವಾಗಿತ್ತು.

ಈಗಂತೂ ನೋಡಿಕೊಳ್ಳುವ ಅಗತ್ಯವೇ ಉಳಿಯಲಿಲ್ಲ. ಬೆಳಗಾದರೆ ಬೇರೆಯವರೇ ಬಂದು ನೋಡುತ್ತಿದ್ದರು, ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಬಿನ್ನಿಪೇಟೆಯಲ್ಲಿರುವ ಮಗಳು ವಿಶಾಖಾಗೆ ಅವಳ ಅತ್ತೆಯೇ ವಾಟ್ಸಾಪಿನಲ್ಲಿ ಬಂದ ಅಪ್ಪನ ಫೋಟೋ ತೋರಿಸಿ, ಮೊದಲೇ ಹೇಳಬಾರದಿತ್ತೇ ಎಂದು ಅತ್ತಿದ್ದರಂತೆ. ಮುನಿರಾಮಪ್ಪನವರು ಚಪ್ಪಲಿಯನ್ನೇ ತ್ಯಾಗ ಮಾಡಿದರು. ಲಾಲ್‌ಬಾಗಿನ ಕಲ್ಲುಬಂಡೆ, ಮಾವಳ್ಳಿಯ ಜಲ್ಲಿ, ಗಾಂಧಿಬಜಾರಿನ ಮುಸುರೆ, ಎಲ್ಲದರ ಮೇಲೂ ಆ ಪುಣ್ಯಪಾದಗಳು ಬರಿದಾಗಿ ಸಂಚರಿಸಿದವು.

ಸತೀಶ ಕಾಲಿಟ್ಟದ್ದು ಇಲ್ಲಿ. ಸತೀಶ ಆ ಬೀದಿಯ ಯುವಕ ಸಂಘದ ಅಧ್ಯಕ್ಷ. ತಲೆ ಅರ್ಧ ನರೆತಿದ್ದರೂ ಯುವಕರ ಪೈಕಿ ಯಾರೂ ಆ ಸ್ಥಾನಕ್ಕೆ ಸಿಗದೆ ಅವನೇ ಮುಂದುವರಿದಿದ್ದ. ಮುಂದಿನ ಕಾರ್ಪೊರೇಷನ್ ಚುನಾವಣೆಯಲ್ಲಿ ನಿಲ್ಲುವ ಆಸೆ. ಅವನು ಬಂದು ಕಾಲಿಗೆರಗಿ, ಈ ಸಲದ ಹಬ್ಬದಲ್ಲಿ ದೊಡ್ಡಬೈರಪ್ಪನಿಗಿಂತ ಮುಂಚೆ ನೀವೇ ಕೊಂಡ ಹಾಯಬೇಕು ಎಂದ.

ಅಂಗಳದ ಬಿಸಿಗೂ ಕೆಂಡಕ್ಕೂ ವ್ಯತ್ಯಾಸವಿದೆ ಎಂಬಷ್ಟು ವಿವೇಕ ಮುನಿರಾಮಪ್ಪನವರಲ್ಲಿ ಇನ್ನೂ ಇತ್ತು. ನಾನು ಅಷ್ಟು ಯೋಗ್ಯನಲ್ಲ, ಇನ್ನೊಂದು ವರ್ಷ ಹೋಗಲಿ, ಮಂಡಿನೋವು ಎಂದೆಲ್ಲ ಹೇಳಿ ನೋಡಿದರು. ಸತೀಶ ನಗುನಗುತ್ತಲೇ ಕಿಟಕಿಯ ಪರದೆ ಸರಿಸಿ ಹೊರಗೆ ತೋರಿಸಿದ. ಎದುರಿನ ಲೈಟು ಕಂಬದಿಂದ ಮೂರನೇ ಮನೆಯ ಬಾಲ್ಕನಿಯವರೆಗೆ ಫ್ಲೆಕ್ಸು ಹರಡಿತ್ತು. ಅದರಲ್ಲಿ ಮುನಿರಾಮಪ್ಪನವರು ಜ್ವಾಲೆಗಳ ನಡುವೆ ಕೈಯೆತ್ತಿ ನಿಂತಿದ್ದರು. ಕೆಳಗೆ ಅಗ್ನಿಪಾದ ಎಂದಿತ್ತು. ಅದಕ್ಕಿಂತ ದೊಡ್ಡ ಫೋಟೋ ಸತೀಶನದು.

"ನೋಡಿ ಗುರುಗಳೇ, ಮೂರು ವಾರ್ಡಿಗೆ ಕಟ್ಸಿದೀನಿ. ಇನ್ನು ನೀವು ಬರಲ್ಲ ಅಂದ್ರೆ ಅಮ್ಮ ನನ್ನ ಬಿಡ್ತಾಳಾ?"

ಸತೀಶ ಹೇಳಿದ ಅಮ್ಮ ದೇವಿಯೋ ಮತದಾರಳೋ ಎಂದು ಕೇಳುವ ಧೈರ್ಯ ಅವರಿಗಾಗಲಿಲ್ಲ.

ಅವರ ಪುಣ್ಯಕ್ಕೆ ಪೊಲೀಸ್ ಠಾಣೆಯಿಂದ ಒಂದು ತಕರಾರು ಬಂತು. ಹೊಸದಾಗಿ ಬಂದ ಇನ್‌ಸ್ಪೆಕ್ಟರು ವಯಸ್ಸಾದವರು ಕೊಂಡ ಹಾಯುವುದಾದರೆ ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕೇ ಬೇಕು ಎಂದು ಹಟ ಹಿಡಿದರು. ಮುನಿರಾಮಪ್ಪನವರು ಆ ಇನ್‌ಸ್ಪೆಕ್ಟರನ್ನು ಮನಸ್ಸಿನಲ್ಲೇ ಹರಸಿದರು. ಸತೀಶ ಕೂಡಲೇ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶಂಕರಪುರಕ್ಕೆ ಕರೆದೊಯ್ದು, ತಾನು ಹೊರಗೆ ಫೋನಿನಲ್ಲಿ ತಮಟೆಯವರ ಜೊತೆ ಮಾತಿಗೆ ನಿಂತ.

ಡಾಕ್ಟರ್ ಕೋಕಿಲಾ ಮುನಿರಾಮಪ್ಪನವರನ್ನು ಮಂಚದ ಮೇಲೆ ಮಲಗಿಸಿದರು. ಕಣ್ಣು ಮುಚ್ಚಿಕೊಳ್ಳಿ, ಒಂದು ನೈಲಾನ್ ಎಳೆಯಿಂದ ಅಂಗಾಲು ಮುಟ್ಟುತ್ತೇನೆ, ಮುಟ್ಟಿದ್ದು ಗೊತ್ತಾದಾಗಲೆಲ್ಲ ಹೂಂ ಅನ್ನಿ ಎಂದರು. ಮುನಿರಾಮಪ್ಪನವರು ಕಣ್ಣು ಮುಚ್ಚಿದರು. ಫ್ಯಾನಿನ ಸದ್ದು ಕೇಳುತ್ತಿತ್ತು. ಹೊರಗೆ ಸತೀಶ ತಮಟೆಯವರಿಗೆ ಊಟ ಕೊಡುವುದಿಲ್ಲ, ಬರೀ ಟೀ ಎನ್ನುತ್ತಿದ್ದ. ಬಹಳ ಹೊತ್ತಾಯಿತು. ಅವರಿಗೆ ಒಂದು ಸಣ್ಣ ಜೊಂಪೂ ಹತ್ತಿತು. ಕೊನೆಗೆ ಅವರೇ ಸಂಕೋಚದಿಂದ ಕೇಳಿದರು:

"ಶುರು ಮಾಡಿ ಡಾಕ್ಟ್ರೇ."

"ಮುಗೀತು ಮುನಿರಾಮಪ್ಪನವರೇ" ಎಂದರು ಕೋಕಿಲಾ.

ಅವರ ಧ್ವನಿಯಲ್ಲಿ ನಗುವಿರಲಿಲ್ಲ. ಒಂದು ಕನ್ನಡಿ ತಂದು ಅವರ ಎಡ ಅಂಗಾಲಿನ ಕೆಳಗೆ ಹಿಡಿದರು. ಹೆಬ್ಬೆರಳಿನ ಬುಡದಲ್ಲಿ ಒಂದು ಡ್ರಾಯಿಂಗ್ ಪಿನ್ ತಲೆಯವರೆಗೆ ನೆಟ್ಟುಕೊಂಡಿತ್ತು. ಸುತ್ತಲೂ ಕೆಂಪಗೆ ಬಾತು, ಒಂದು ಕಡೆ ಕೀವು ಕಟ್ಟಲು ಶುರುವಾಗಿತ್ತು. ಗುಡಿಯ ಬಾಗಿಲಿಗೆ ಹಬ್ಬದ ಆಹ್ವಾನಪತ್ರಿಕೆ ಚುಚ್ಚಿದ ಪಿನ್ನೇ ಇರಬೇಕು. ಆ ಪತ್ರಿಕೆಯಲ್ಲಿ ಅಗ್ನಿಪಾದ ಎಂದು ಇವರ ಹೆಸರಿತ್ತು.

ಇದು ತಮ್ಮದೇ ಕಾಲೇ ಎಂದು ಮುನಿರಾಮಪ್ಪನವರು ಬೆರಳು ಅಲ್ಲಾಡಿಸಿ ನೋಡಿದರು. ಕನ್ನಡಿಯಲ್ಲಿ ಬೆರಳು ಅಲ್ಲಾಡಿತು. ಕೋಕಿಲಾ ಪಿನ್ ಕಿತ್ತು, ತೊಳೆದು, ಪಟ್ಟಿ ಕಟ್ಟುತ್ತ ನಿಧಾನವಾಗಿ ಹೇಳಿದರು. ಇಂಥ ಸಣ್ಣ ಗಾಯ ನೋಡಿಕೊಳ್ಳದೆ ಬೆರಳು ತೆಗೆಸಿಕೊಂಡವರನ್ನು, ಪಾದ ತೆಗೆಸಿಕೊಂಡವರನ್ನು ನಾನು ನೋಡಿದ್ದೇನೆ. ಇನ್ನು ಮೇಲೆ ಮನೆಯೊಳಗೂ ಚಪ್ಪಲಿ ಬಿಡುವ ಹಾಗಿಲ್ಲ. ಕೆಂಡದ ಮೇಲೆ ಹೋದರೆ ಎಷ್ಟು ಸುಟ್ಟಿದೆ ಎಂಬುದೂ ನಿಮಗೆ ತಿಳಿಯುವುದಿಲ್ಲ. ಸರ್ಟಿಫಿಕೇಟ್ ಕೊಡುವುದಿಲ್ಲ. ಯಾಕೆ ಎಂಬುದನ್ನು ಹೊರಗಿರುವವರಿಗೆ ನಾನು ಹೇಳುವ ಹಾಗಿಲ್ಲ, ನೀವೇ ಹೇಳಬೇಕು.

ಅವರು ಹೇಳಲಿಲ್ಲ. ಡಾಕ್ಟರು ಕೊಡಲಿಲ್ಲ ಎಂದಷ್ಟೇ ಹೇಳಿದರು, ಸತೀಶ ಸೀದಾ ಠಾಣೆಗೆ ಹೋದ. ಅಷ್ಟರಲ್ಲಿ ಇನ್‌ಸ್ಪೆಕ್ಟರ ಅತ್ತಿಗೆಗೆ ಮುನಿಯಮ್ಮನ ಕಡೆಯಿಂದ ಸುದ್ದಿ ಮುಟ್ಟಿತ್ತು. ಇನ್‌ಸ್ಪೆಕ್ಟರು ಸಂಜೆ ಮಫ್ತಿಯಲ್ಲಿ ಬಂದು ಅವರ ಪಾದ ಮುಟ್ಟಿ, ಇಂಥವರಿಗೆ ಎಂಥ ಸರ್ಟಿಫಿಕೇಟ್ ಎಂದರು. ಹೋಗುವಾಗ, ತಮ್ಮ ವರ್ಗಾವಣೆಯ ಬಗ್ಗೆ ಅಮ್ಮನ ಹತ್ತಿರ ಒಂದು ಮಾತು ಹಾಕಲು ಕೋರಿಕೊಂಡರು.

ಬಂದವರೆಲ್ಲ ಹೋದ ಮೇಲೆ ಮುನಿರಾಮಪ್ಪನವರು ಚಪ್ಪಲಿ ಮೆಟ್ಟಿಕೊಂಡು ನಡುಮನೆ ದಾಟಿ ಅಡುಗೆಮನೆಗೆ ನೀರು ಕುಡಿಯಲು ಹೋದರು. ನಾರಾಯಣಮ್ಮ ಮುದ್ದೆ ಕೋಲು ಹಿಡಿದೇ ತಿರುಗಿದರು. ಮದುವೆಯಾದಾಗಿನಿಂದ ಆ ಮನೆಯ ಹೊಸಿಲೊಳಗೆ ಚಪ್ಪಲಿ ಬಂದಿರಲಿಲ್ಲ. ಮುಖ್ಯಮಂತ್ರಿ ಬಂದರೂ ಹೊರಗೆ ಬಿಟ್ಟೇ ಬರಬೇಕಿತ್ತು. ಏನಿದು ಎಂದು ಅವರು ಕೇಳಿದ ರೀತಿಗೆ ಮುನಿರಾಮಪ್ಪನವರು ಕುಸಿದು ಕೂತು ಎಲ್ಲವನ್ನೂ ಹೇಳಿಬಿಟ್ಟರು. ಪಿನ್ನಿನ ವಿಷಯ, ಎಳೆಯ ವಿಷಯ, ಮಡಿಲಿನ ಮಾತು ಕೂಡ.

ನಾರಾಯಣಮ್ಮನ ಅಣ್ಣ ಮರಿಯಣ್ಣ ಇದೇ ಕಾಯಿಲೆಯಲ್ಲಿ ಬೆರಳುಗಳನ್ನು ಕಳೆದುಕೊಂಡು, ಆಮೇಲೆ ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದ್ದ. ಒಲೆ ಆರಿಸಿ ಬಂದು ಗಂಡನ ಪಟ್ಟಿ ಕಟ್ಟಿದ ಕಾಲಿನ ಪಕ್ಕ ಕೂತರು. ಅವರಿಗೆ ಸಿಟ್ಟೂ ಬಂದಿತ್ತು, ಹೆದರಿಕೆಯೂ ಆಗಿತ್ತು.

"ನೀವು ದೇವ್ರಾಗೋದು ನಂಗೆ ಬೇಡ" ಎಂದರು. "ನಂಗೆ ನಿಮ್ಮ ಕಾಲು ಬೇಕು. ನೀವು ಹೇಳ್ತೀರೋ, ನಾನು ಹೇಳ್ಲೋ?"

ನಾನೇ ಹೇಳುತ್ತೇನೆ ಎಂದರು ಮುನಿರಾಮಪ್ಪನವರು. ಹೇಳುವುದಕ್ಕೆ ದಿನಾ ಹೊರಟರು. ಎದುರು ಸಿಕ್ಕವರೆಲ್ಲ ಮಾತು ಕೇಳುವ ಮೊದಲೇ ಬಗ್ಗಿಬಿಡುತ್ತಿದ್ದರು. ಬಗ್ಗಿದವರ ಬೆನ್ನಿಗೆ ಸಕ್ಕರೆ ಕಾಯಿಲೆಯ ವಿಷಯ ಹೇಳುವುದು ಹೇಗೆ? ಹೀಗೇ ಹಬ್ಬದ ಸಂಜೆ ಬಂದೇಬಿಟ್ಟಿತು.

ಗುಡಿಯ ಮುಂದೆ ಕೊಂಡ ನಿಗಿನಿಗಿ ಉರಿಯುತ್ತಿತ್ತು. ಕೆಂಪಗೆ ಉದ್ದಕ್ಕೂ ಹಾಸಿದ ಕೆಂಡದ ಝಳಕ್ಕೆ ಮುಂದಿನ ಸಾಲಿನವರು ಮುಖ ತಿರುಗಿಸಿಕೊಂಡಿದ್ದರು. ತಮಟೆಯ ಏಟಿಗೆ ಬೀದಿಯ ಕಿಟಕಿಗಳು ಅದುರುತ್ತಿದ್ದವು. ಹಳದಿ ಪಂಚೆ, ಬೇವಿನ ಹಾರ ಹಾಕಿಕೊಂಡ ಮುನಿರಾಮಪ್ಪನವರನ್ನು ಸತೀಶ ಕೈಹಿಡಿದು ಕೊಂಡದ ಬಾಯಿಗೆ ತಂದು ನಿಲ್ಲಿಸಿದ. ಪಟ್ಟಿಯ ಮೇಲೆ ಯಾರೋ ಅರಿಶಿನ ಬಳಿದಿದ್ದರು. ಜನರ ನಡುವೆ ನಾರಾಯಣಮ್ಮನ ಮುಖ ಕಂಡಿತು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಗಂಡ ಒಂದು ಹೆಜ್ಜೆ ಮುಂದಿಟ್ಟರೆ ರಟ್ಟೆ ಹಿಡಿದು ಎಳೆಯುವ ಸಿದ್ಧತೆ ಅದು.

ಹಾಯುವ ಮುಂಚೆ ಎರಡು ಆಶೀರ್ವಚನ ಎಂದು ಸತೀಶ ಮೈಕು ಕೊಟ್ಟ. ಮುನಿರಾಮಪ್ಪನವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದರು.

"ನನ್ನದು ಭಕ್ತಿ ಅಲ್ಲ. ನಂಗೆ ಸಕ್ಕರೆ ಕಾಯಿಲೆ. ಕಾಲು ಮರಗಟ್ಟಿದೆ, ಅದಕ್ಕೇ ಸುಡಲ್ಲ. ನಾನು ಸುಳ್ಳು ಹೇಳ್ದೆ."

ಮುನಿಯಮ್ಮ ಜೋರಾಗಿ, ಎಂಥ ವಿನಯ ನೋಡ್ರೇ ಎಂದು ಅತ್ತರು. ಜನ ಚಪ್ಪಾಳೆ ತಟ್ಟಿದರು. ತನ್ನ ಮಹಿಮೆಯನ್ನು ತಾನೇ ಅಲ್ಲಗಳೆಯುವವನೇ ದೊಡ್ಡವನು ಎಂದು ಸತೀಶ ಇನ್ನೊಂದು ಮೈಕಿನಲ್ಲಿ ವಿವರಿಸಿದ. ಮುನಿರಾಮಪ್ಪನವರು ಗಾಬರಿಯಿಂದ ಕಾಲೆತ್ತಿ ಪಟ್ಟಿ ತೋರಿಸಿದರು. ಪಾದದರ್ಶನವಾಯಿತೆಂದು ಮುಂದಿನ ಎರಡು ಸಾಲು ಅಡ್ಡಬಿತ್ತು. ಸತ್ಯ ಹೇಳುವುದು ಇಷ್ಟು ಕಷ್ಟ ಎಂದು ಅವರಿಗೆ ಗೊತ್ತಿರಲಿಲ್ಲ. ತಮಟೆಯವರು ಏಟು ಏರಿಸಿದರು, ಹಿಂದಿನಿಂದ ಭಕ್ತಿಯ ನೂಕು ಬಂತು, ನಾರಾಯಣಮ್ಮ ಜನರನ್ನು ಸೀಳಿಕೊಂಡು ಹೊರಟರು.

ಅಷ್ಟರಲ್ಲಿ ದೊಡ್ಡಬೈರಪ್ಪ ಅಡ್ಡ ಬಂದು ನಿಂತರು. ಕೈಯೆತ್ತಿದ್ದೇ ತಡ ತಮಟೆ ನಿಂತಿತು. ಅವರು ಮುನಿರಾಮಪ್ಪನವರ ಹತ್ತಿರ ಬಂದು ಮೆಲ್ಲಗೆ ಕೇಳಿದರು. ಮೈಕು ಇನ್ನೂ ಕೈಯಲ್ಲೇ ಇದ್ದದ್ದರಿಂದ ಅದು ಮಾವಳ್ಳಿಗೆಲ್ಲ ಕೇಳಿಸಿತು.

"ಚುಚ್ಚಿದ್ರೂ ಗೊತ್ತಾಗಲ್ವಾ? ಚಪ್ಲಿ ಬಿದ್ರೂ ಗೊತ್ತಾಗಲ್ವಾ?"

ಇಲ್ಲ ಎಂದು ಮುನಿರಾಮಪ್ಪನವರು ತಲೆಯಾಡಿಸಿದರು.

ದೊಡ್ಡಬೈರಪ್ಪ ಗುಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. "ನಂಗೂ ಎರಡು ವರ್ಷದಿಂದ ಸುಡ್ತಿಲ್ಲ ಸ್ವಾಮಿ" ಎಂದರು. "ಮೊದ್ಲೆಲ್ಲ ಸುಡ್ತಿತ್ತು. ಪ್ರಾಣ ಹೋಗೋ ಹಾಗೆ ಸುಡ್ತಿತ್ತು, ಆದ್ರೂ ಹೋಗ್ತಿದ್ದೆ. ಅದು ಹರಕೆ. ಸುಡೋದು ನಿಂತಾಗ ಅಮ್ಮ ಒಲಿದ್ಲು ಅಂದ್ಕೊಂಡೆ. ಯಾರನ್ನೂ ಕೇಳ್ಲಿಲ್ಲ."

ಈಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ದೊಡ್ಡಬೈರಪ್ಪ ಹೇಳಿದ ಮೇಲೆ ಅದು ವಿನಯವಲ್ಲ ಎಂದು ಎಲ್ಲರಿಗೂ ತಿಳಿಯಿತು. ಹಬ್ಬ ನಿಲ್ಲಬಾರದಲ್ಲ, ಸುಡುವ ಕಾಲಿರುವವರು ಯಾರಾದರೂ ಹಾಯಲಿ ಎಂದು ಒಬ್ಬರು ಸೂಚಿಸಿದರು. ಎಲ್ಲರ ಕಣ್ಣೂ ಫ್ಲೆಕ್ಸಿನಲ್ಲಿ ದೊಡ್ಡದಾಗಿದ್ದ ಸತೀಶನ ಕಡೆ ತಿರುಗಿತು. ತುರ್ತು ಫೋನ್ ಬಂದಿದೆ ಎಂದು ಅವನು ಹಿಂದೆ ಸರಿಯುವಷ್ಟರಲ್ಲಿ ಅವನ ಸಂಘದವರೇ ಮುಂದೆ ನೂಕಿದರು. ಸತೀಶ ಕೆಂಡಕ್ಕೆ ಒಂದು ಹೆಬ್ಬೆರಳ ತುದಿ ತಾಗಿಸಿದ. ಆಮೇಲೆ ಅವನು ಕಂಡದ್ದು ಲಾಲ್‌ಬಾಗಿನ ಗೇಟಿನ ಹತ್ತಿರ. ಅವನ ಕಾಲಿನ ನರಗಳು ಅತ್ಯುತ್ತಮ ಸ್ಥಿತಿಯಲ್ಲಿವೆ ಎಂಬುದು ಸಾರ್ವಜನಿಕವಾಗಿ ಸಾಬೀತಾಯಿತು. ಕೊಂಡಕ್ಕೆ ಅರಿಶಿನ ಕುಂಕುಮ ಹಾಕಿ, ಅಮ್ಮನ ಕಳಶವನ್ನು ಸುತ್ತ ತಂದು, ಆ ವರ್ಷದ ಮಟ್ಟಿಗೆ ಹರಕೆ ಸಂದಿತು ಎಂದು ಹಿರಿಯರು ತೀರ್ಮಾನಿಸಿದರು.

ಮುನಿರಾಮಪ್ಪನವರು ಚಪ್ಪಲಿ ತರಿಸಿ ಮೆಟ್ಟಿಕೊಂಡು, ಕಷ್ಟಪಟ್ಟು ಬಗ್ಗಿ ಕೆಳಗಿನ ಮೆಟ್ಟಿಲ ಮೇಲೆ ಕೂತರು. ದೊಡ್ಡಬೈರಪ್ಪನ ಪಾದವನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಬೇಡ ಸ್ವಾಮಿ ಎಂದು ಅವರು ಎಷ್ಟು ಕೊಸರಿದರೂ ಬಿಡಲಿಲ್ಲ. ಹಿಮ್ಮಡಿಯಲ್ಲಿ ಹಳೆಯ ಗಾಯವೊಂದು ಮಾಯದೆ ಕೂತಿತ್ತು. ಬೆಳಿಗ್ಗೆಯೇ ಶಂಕರಪುರಕ್ಕೆ ಹೋಗೋಣ, ನಾನೇ ಬರುತ್ತೇನೆ ಎಂದರು ಮುನಿರಾಮಪ್ಪನವರು. ಅದನ್ನು ನೋಡಿ ಬೀದಿಯ ಮುದುಕರೊಬ್ಬರು ಮೆಲ್ಲಗೆ ಬಂದು, ನನಗೂ ಜೋಮು ಹಿಡಿಯುತ್ತದೆ ಎಂದು ಪಕ್ಕದಲ್ಲಿ ಕಾಲು ಚಾಚಿದರು. ಅವರ ಹಿಂದೆ ಇನ್ನೊಬ್ಬರು. ಇಷ್ಟು ದಿನ ಅವರ ಕಾಲಿಗೆ ಬಿದ್ದವರೆಲ್ಲ ಈಗ ಅವರ ತೊಡೆಗೆ ಕಾಲು ಕೊಟ್ಟು ಕೂತರು. ಮುನಿರಾಮಪ್ಪನವರಿಗೆ ಇದು ಹೆಚ್ಚು ಹಿತವಾಗಿತ್ತು.

ಎಲ್ಲರೂ ಎದ್ದ ಮೇಲೆ ಉಳಿದವರು ನಾರಾಯಣಮ್ಮ. ಮುನಿರಾಮಪ್ಪನವರು ಅವರ ಕಡೆಗೂ ಕೈಚಾಚಿ, ಕೊಡು ನೋಡೋಣ ಎಂದರು. ನನಗೆ ಸಕ್ಕರೆ ಇಲ್ಲ, ಜನ ನೋಡುತ್ತಾರೆ, ಎದ್ದೇಳಿ ಎಂದು ನಾರಾಯಣಮ್ಮ ಗದರಿದರು. ಗದರುತ್ತಲೇ ಮೆಟ್ಟಿಲ ತುದಿಯಲ್ಲಿ ಕೂತರು. ಇಷ್ಟು ವರ್ಷ ತಮ್ಮ ಜೊತೆ ಓಡಾಡಿದ ಆ ಕಾಲನ್ನು ಮುನಿರಾಮಪ್ಪನವರು ಮೊದಲ ಸಲ ನೋಡಿದರು. ಹಿಮ್ಮಡಿ ಒಡೆದಿತ್ತು, ಕಾಲುಂಗುರದ ಕೆಳಗೆ ಚರ್ಮ ತೇದು ಬೆಳ್ಳಗಾಗಿತ್ತು. ಡಾಕ್ಟರು ಮಾಡಿದ ಹಾಗೆಯೇ ಬೇವಿನ ಹಾರದಿಂದ ಒಂದು ಎಸಳು ಕಿತ್ತು, ಅದರ ತುದಿಯಿಂದ ಅಂಗಾಲನ್ನು ಮೆಲ್ಲಗೆ ಮುಟ್ಟಿದರು.

ನಾರಾಯಣಮ್ಮ ಸಟ್ಟನೆ ಕಾಲೆಳೆದುಕೊಂಡು, ಹುಡುಗಿಯ ಹಾಗೆ ಕಿಸಕ್ಕನೆ ನಕ್ಕುಬಿಟ್ಟರು. ಏನಿದು ವಯಸ್ಸಲ್ಲದ ವಯಸ್ಸಲ್ಲಿ, ಕಚಗುಳಿ ಇಡ್ತೀರಾ ಎಂದು ಸೆರಗಲ್ಲಿ ಬಾಯಿ ಮುಚ್ಚಿಕೊಂಡರು.

"ಗೊತ್ತಾಯ್ತಲ್ಲ" ಎಂದರು ಮುನಿರಾಮಪ್ಪನವರು. ಅವರ ಕಣ್ಣು ತುಂಬಿತ್ತು. "ನಿಂಗೆ ಗೊತ್ತಾಗುತ್ತೆ ಕಣೇ, ಚೆನ್ನಾಗಿ ಗೊತ್ತಾಗುತ್ತೆ."

ಆ ಕಾಲನ್ನು ಅವರು ಇನ್ನೊಮ್ಮೆ ತೊಡೆಯ ಮೇಲೆ ಇಟ್ಟುಕೊಂಡರು.